ಕಾಗದದಲ್ಲಿ ಕೆಂಪು ಹೋರಿ

ನನ್ನ ಕುರ್ಚಿಗೆ ಈಗ ಬಂದಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. "ಆಂಟಿ, ಇಲ್ಲಿ ಹೋರಿಗಳ ಫೈಲ್ ಎಲ್ಲ ನಿಮ್ಮ ಅಕ್ಷರದಲ್ಲೇ ಉಂಟು. ಆದ್ರೆ ಒಂದು ಹೋರಿ ತಳಿಗೆ ಆಗ್ತದಾ ಇಲ್ವಾ ಅಂತ ನೋಡುದು ಹೇಗೆ ಅಂತ ಎಲ್ಲಿಯೂ ಬರ್ದಿಲ್ಲ" ಎಂದಳು. ನಾನು ಹೇಳಲು ಶುರುಮಾಡಿದೆ. ಹತ್ತು ನಿಮಿಷವಾದ ಮೇಲೆ ಆ ಕಡೆಯಿಂದ ಕೀಬೋರ್ಡಿನ ಟಕಟಕ ಕೇಳಿಸಿತು. ಬರೆದುಕೊಳ್ಳುತ್ತಿದ್ದಾಳೆಂದು ಸಂತೋಷಪಟ್ಟೆ. "ಇಲ್ಲ ಆಂಟಿ, ಒಂದು ಮೇಲ್‌ಗೆ ರಿಪ್ಲೈ ಮಾಡ್ತಿದ್ದೆ, ನೀವು ಹೇಳಿ" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ. ಓದುವಳೆಂಬ ಭರವಸೆ ಇಲ್ಲ. ಆದರೂ ಬರೆದದ್ದು ಫೈಲಿನಲ್ಲಿದ್ದರೆ ಯಾವತ್ತಾದರೂ ನೆಟ್ ಹೋದ ದಿನ ಯಾರಾದರೂ ಓದುತ್ತಾರೆ. ನಾನು ಈ ಕೆಲಸ ಕಲಿತದ್ದೂ ನೆಟ್ ಹೋದ ದಿನಗಳಲ್ಲಿಯೇ.

ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಅರಬ್ ನಾಡಿನ ಮುಸಫ್ಫಾದ ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಎಂಟರಿಂದ ಎರಡರವರೆಗೆ ನನಗೆ ಜೊತೆಯಿದ್ದದ್ದು ಪಕ್ಕದ ಗ್ಯಾರೇಜಿನ ಸುತ್ತಿಗೆಯ ಸದ್ದು ಮಾತ್ರ. ಗಂಡ ಫೆಲಿಕ್ಸ್ ಅದೇ ಏರಿಯಾದಲ್ಲಿ ಕಬ್ಬಿಣದ ಫ್ಯಾಬ್ರಿಕೇಶನ್ ಕಂಪನಿಯಲ್ಲಿ ಫೋರ್‌ಮನ್. ಅವರ ಪರಿಚಯದವರೊಬ್ಬರು, "ಒಂದು ಫಾರ್ಮಿನ ಆಫೀಸಿಗೆ ಅಕ್ಷರ ಚೆನ್ನಾಗಿರುವ ಹೆಂಗಸು ಬೇಕಂತೆ" ಎಂದರು. ನನ್ನ ಅಕ್ಷರ ಮಂಗಳೂರಿನ ಕಾನ್ವೆಂಟಿನ ಅಕ್ಷರ. ನಾಲ್ಕು ಗೆರೆಯ ಪುಸ್ತಕದಲ್ಲಿ ಗೆರೆ ದಾಟಿದರೆ ಸಿಸ್ಟರ್ ಬೆರಳ ಗೆಣ್ಣಿಗೆ ಅಡಿಕೋಲಿನಿಂದ ಕೊಡುತ್ತಿದ್ದರು. ಇಂಟರ್‌ವ್ಯೂ ಮೂರೇ ನಿಮಿಷದ್ದು.

"ದನ ನೋಡಿದ್ದೀರಾ?"

"ನೋಡಿದ್ದೇನೆ ಸರ್. ಸಣ್ಣವಳಿದ್ದಾಗ ಹಾಲು ತರಲಿಕ್ಕೆ ಹೋಗುತ್ತಿದ್ದೆ."

"ಹೋರಿ?"

"ದೂರದಿಂದ."

ಕೆಲಸ ಸಿಕ್ಕಿತು. ದೂರದಿಂದ ನೋಡುವುದೇ ಆ ಆಫೀಸಿನ ಪದ್ಧತಿಯೆಂದು ನನಗೆ ಆಮೇಲೆ ತಿಳಿಯಿತು.

ಫಾರ್ಮಿದ್ದದ್ದು ಮದೀನತ್ ಜಾಯೆದ್ ದಾರಿಯಲ್ಲಿ, ಹೆದ್ದಾರಿ ಬಿಟ್ಟು ಮರಳಿನ ಒಳಗೆ. ಆಫೀಸು ಮಾತ್ರ ಮುಸಫ್ಫಾದಲ್ಲಿ, ಟಯರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ನಡುವೆ ಒಂದೂವರೆ ಗಂಟೆಯ ದಾರಿ. ಯಜಮಾನರು ವಯಸ್ಸಾದ ಅರಬರು. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಅವರಿಗೆ ಒಂಟೆಗಳ ಜೊತೆಗೆ ದನ ಸಾಕುವ ಪ್ರೀತಿ. ಫ್ಯಾನು, ನೀರಿನ ತುಂತುರು ಎಲ್ಲ ಇರುವ ದೊಡ್ಡ ಶೆಡ್ಡುಗಳಲ್ಲಿ ನೂರು ದನ. ನನ್ನ ಕೆಲಸ ಇಷ್ಟು: ಎಳೆಯ ಹೋರಿ ಬಂದರೆ ಅದರ ಅಪ್ಪ ಯಾರು, ಅಮ್ಮ ಯಾರು, ಅಜ್ಜ ಎಂಥವನು, ಅಮ್ಮನ ಹಾಲೆಷ್ಟು, ಹುಟ್ಟಿದಾಗ ತೂಕವೆಷ್ಟು, ತಿಂಗಳು ತಿಂಗಳು ಎಷ್ಟು ಏರಿತು ಎಂದು ಬರೆದಿಡುವುದು. ಅದನ್ನು ನೋಡಿ ದೊಡ್ಡವರು ಆ ಹೋರಿಯನ್ನು ಕಡಸುಗಳ ಜೊತೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ನಮ್ಮ ಊರಿನಲ್ಲಿ ಸಂಬಂಧ ನೋಡುವಾಗ ಕೇಳುವುದೂ ಇದನ್ನೇ. ಹೋರಿಯ ಕಡೆಯವರು ಸಂಬಳ ಹೆಚ್ಚಿಸಿ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಫಾರ್ಮಿನ ಕಡೆಯಿಂದ ನನಗೆ ಅಂಕಿ ಹೇಳುತ್ತಿದ್ದವನು ವಾಸಣ್ಣ. ಉಡುಪಿಯ ಹತ್ತಿರದವನು, ಮಾತಾಡಿದರೆ ಅರ್ಧ ತುಳು, ಅರ್ಧ ಕನ್ನಡ. ಹೋರಿಗಳನ್ನು ನೋಡಿಕೊಳ್ಳುವುದೇ ಅವನ ಕೆಲಸ. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದ. ಮೊದಲ ತಿಂಗಳಲ್ಲೇ ಅವನಿಂದ ನನ್ನ ಕಾನ್ವೆಂಟಿನ ನಾಚಿಕೆಗೆ ಪೆಟ್ಟು ಬಿತ್ತು. ತಳಿಯ ಹೋರಿಗೆ ತೂಕ, ಎತ್ತರದ ಜೊತೆ ಬೀಜದ ಸುತ್ತಳತೆಯನ್ನೂ ಬರೆಯಬೇಕು. ಅದು ಚಿಕ್ಕದಿದ್ದರೆ ಅಜ್ಜ ಎಂಥ ಚಾಂಪಿಯನ್ನೇ ಆಗಿರಲಿ ಪ್ರಯೋಜನವಿಲ್ಲ. ಫಾರಮ್ಮಿನಲ್ಲಿ ಆ ಕಾಲಮ್ಮು ನೋಡಿ ನಾನು ಖಾಲಿ ಬಿಟ್ಟಿದ್ದೆ.

"ಬಾಯಮ್ಮ, ಒಂದು ಅಳತೆ ಬರ್ಕೊಳ್ಲಿಲ್ಲ ನೀವು" ಎಂದ ವಾಸಣ್ಣ ಫೋನಿನಲ್ಲಿ.

"ಯಾವುದು?"

"ಅದೇ. ಕೆಳಗಿನದ್ದು."

"ಎತ್ತರ ಬರೆದಿದ್ದೇನಲ್ಲ."

"ಎತ್ತರ ಅಲ್ಲ ಮಾರಾಯ್ರೆ! ಹೋರಿಗೆ ನಾಚಿಗೆ ಇಲ್ಲ, ಟೇಪು ಹಿಡಿದ ನನಗೆ ಇಲ್ಲ, ಕಾಗದದ ಎದುರು ಕೂತ ನಿಮಗೆ ಎಂತದು? ಮೂವತ್ತೆರಡು. ಬರೀರಿ, ಮೂವತ್ತೆರಡು!" ಸ್ಪೀಕರ್ ಆನ್ ಇತ್ತು. ಅಕೌಂಟ್ಸಿನ ಇಬ್ಬರು ತಲೆ ತಗ್ಗಿಸಿ ನಕ್ಕರು. ಬರೆದೆ. ಕಾಲಮ್ಮಿನ ಹೆಸರನ್ನು ಮಾತ್ರ ಒಂದು ವರ್ಷ "ಇತರ ಅಳತೆ" ಎಂದೇ ಇಟ್ಟಿದ್ದೆ.

ಅವನಿಂದ ಕಲಿತ ಇನ್ನೊಂದು ವಿಷಯ, ತೂಕ ಯಾವಾಗ ತೆಗೆಯಬೇಕು ಎಂಬುದು. ಬೆಳಿಗ್ಗೆ, ಮೇವು-ನೀರು ಕೊಡುವ ಮೊದಲು, ಪ್ರತಿ ತಿಂಗಳೂ ಅದೇ ಹೊತ್ತಿಗೆ. ನೀರು ಕುಡಿಸಿ ತೂಗಿದರೆ ಹೋರಿ ಒಂದೇ ಗಂಟೆಯಲ್ಲಿ ಒಂದು ಅಕ್ಕಿ ಮೂಟೆಯಷ್ಟು ಬೆಳೆದಿರುತ್ತದೆ. ಹಾಗೆ ಬೆಳೆಸಿದ ಹೋರಿಗಳ ಲೆಕ್ಕ ಬೇರೆ ಫಾರ್ಮುಗಳಿಂದ ನಮ್ಮಲ್ಲಿಗೆ ಬರುತ್ತಿತ್ತು. ತೂಗದೆ ಅಂದಾಜಿನಲ್ಲೇ ಬರೆದವೂ ಇದ್ದವು, ಅವುಗಳ ಅಂಕಿಗಳೆಲ್ಲ ಸೊನ್ನೆಯಲ್ಲಿ ಮುಗಿಯುತ್ತಿದ್ದವು. ಹುಡುಗಿ, ಸೊನ್ನೆಯಲ್ಲೇ ಮುಗಿಯುವ ತೂಕ ಕಂಡರೆ ಪೆನ್ನು ಕೆಳಗಿಡು.

ಮೇಲಿನವರ ವಿಷಯ ಬರೆಯದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಕೊನೆಯ ಆರು ವರ್ಷ ನಮ್ಮ ಮ್ಯಾನೇಜರ್ ಆಗಿದ್ದವರು ಚಂದ್ರಮೌಳಿ ಸರ್, ದಾವಣಗೆರೆ ಕಡೆಯವರು. ಎಂಬಿಎ. ದನದ ವಾಸನೆ ಅವರಿಗೆ ಆಗಿಬರುತ್ತಿರಲಿಲ್ಲ. ಫಾರ್ಮಿಗೆ ಹೋದ ದಿನ ಕಾರಿನಿಂದಿಳಿಯದೆ ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿ, "ಎಲ್ಲ ಓಕೆನಾ?" ಎಂದು ಕೇಳಿ ಬರುತ್ತಿದ್ದರು. ಆದರೆ ಮನೆತನದ ಮೇಲೆ ಅವರಿಗೆ ಅಪಾರ ಭಕ್ತಿ. ಪುಸ್ತಕದಲ್ಲಿ ಬರೆಯುತ್ತಿದ್ದದ್ದನ್ನು ಕಂಪ್ಯೂಟರಿಗೆ ಏರಿಸಿದವರು ಅವರೇ. ಆ ಪ್ರೋಗ್ರಾಮಿನಲ್ಲಿ ಹೋರಿಯ ವಯಸ್ಸು ಹಾಕಿದರೆ ಇಷ್ಟು ತೂಕ ಇರಬೇಕು ಎಂದು ಅದೇ ಹೇಳುತ್ತದೆ. ಕಡಿಮೆಯಿದ್ದರೆ ಆ ಅಂಕಿ ಇರುವ ಮನೆ ಕೆಂಪಾಗುತ್ತದೆ. ಪುಸ್ತಕವನ್ನೂ ಬಿಡಬೇಡಿ ಎಂದು ಅರ್ಬಾಬ್ ಹೇಳಿದ್ದರಿಂದ ನಾನು ಎರಡರಲ್ಲೂ ಬರೆಯುತ್ತಿದ್ದೆ.

ನಾನು ಕೆಲಸ ಬಿಡುವುದಕ್ಕೆ ಎರಡು ವರ್ಷ ಮೊದಲು ಆ ಶಾರ್ಟ್‌ಹಾರ್ನ್ ಹೋರಿ ಬಂತು. ಅರ್ಬಾಬ್ ಬಳಿ ಆ ಹೊರದೇಶದ ತಳಿಯ ಹನ್ನೆರಡು ಕಡಸುಗಳಿದ್ದವು, ಎಲ್ಲವೂ ಕೆಂಪು. ಅವುಗಳಿಗೊಂದು ಗಂಡು ಬೇಕೆಂದು ಹೊರದೇಶದ ಏಜೆಂಟರ ಮೂಲಕ ವಿಮಾನದಲ್ಲಿ ತರಿಸಿದರು. ಹೋರಿ ಕ್ವಾರಂಟೈನಿಗೆ ಹೋಯಿತು, ಕಾಗದ ಆಫೀಸಿಗೆ ಬಂತು. ದಪ್ಪ ಕಾಗದ, ಚಿನ್ನದ ಅಂಚು, ಮೂರು ತಲೆಮಾರು. ಅಪ್ಪ ಚಾಂಪಿಯನ್, ಅಪ್ಪನ ಅಪ್ಪ ಎರಡು ಸಲ ಚಾಂಪಿಯನ್. ಚಂದ್ರಮೌಳಿ ಸರ್ ಅದಕ್ಕೆ ಫ್ರೇಮ್ ಹಾಕಿಸಿ ರಿಸೆಪ್ಶನ್ನಿನಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ವಿವರಿಸುತ್ತಿದ್ದರು. ಎಸಿ ರಿಪೇರಿಯವನಿಗೆ, ನೀರಿನ ಕ್ಯಾನಿನವನಿಗೆ, "ಇವನ ತಾತ ಇದಾನಲ್ಲ, ಭಯಂಕರ ಹೋರಿ" ಎನ್ನುತ್ತಿದ್ದರು. ತಮ್ಮ ಸ್ವಂತ ತಾತನ ಬಗ್ಗೆ ಆ ಆರು ವರ್ಷಗಳಲ್ಲಿ ಅವರು ಒಂದು ಮಾತೂ ಹೇಳಿದ್ದಿಲ್ಲ.

ಹೋರಿಯ ಹೆಸರು ಕಾಗದದಲ್ಲಿ ಒಂದು ಸಾಲು ಉದ್ದವಿತ್ತು. ವಾಸಣ್ಣ ಅದನ್ನು ಗುಂಡ ಎಂದು ಕರೆದ.

ಪ್ರತಿ ತಿಂಗಳೂ ತೂಕದ ಯಂತ್ರದ ಅಂಕಿಯ ಫೋಟೋ ತೆಗೆದು ವಾಸಣ್ಣ ವಾಟ್ಸಾಪ್ ಮಾಡುತ್ತಿದ್ದ. ನಾನು ಪುಸ್ತಕ ತೆರೆದು ಬರೆಯುತ್ತಿದ್ದೆ: ಟ್ಯಾಗ್ ನಂಬರು, ವಯಸ್ಸು, ಬಣ್ಣ ಕೆಂಪು, ತೂಕ ಇಷ್ಟು. ಆರು ತಿಂಗಳು ಆರು ಸಾಲು. ಗುಂಡ ದಿನಕ್ಕೆ ಏರಬೇಕಾದಷ್ಟು ತೂಕ ಏರುತ್ತಿದ್ದ. ಆದರೆ ಕಂಪ್ಯೂಟರಿನ ಮನೆಗಳೆಲ್ಲ ಕೆಂಪು. ಕಾಗದದ ಪ್ರಕಾರ ಅವನಿಗೆ ಇಪ್ಪತ್ತಮೂರು ತಿಂಗಳಾಗಿತ್ತು, ಆ ವಯಸ್ಸಿಗೆ ಅವನು ತೀರಾ ಚಿಕ್ಕವನು. ನಾನು ಅದನ್ನೆಲ್ಲ ಸೇರಿಸಿ ಒಂದು ಗ್ರಾಫ್ ಮಾಡಿದೆ. ಇರಬೇಕಾದ ತೂಕದ ಗೆರೆ ಮೇಲೆ, ಗುಂಡನ ಗೆರೆ ಕೆಳಗೆ. ಬಣ್ಣ ಹಾಕಿ, ಅಂಚು ಕಟ್ಟಿ, ಚೆಂದ ಮಾಡಿದ್ದೆ.

ಚಂದ್ರಮೌಳಿ ಸರ್ ಗ್ರಾಫ್ ನೋಡಿ ಕುರ್ಚಿಯಿಂದ ಎದ್ದರು. "ಏನ್ ಮೇಡಂ ಇದು? ಚಾಂಪಿಯನ್ ಮೊಮ್ಮಗ ಮೇಕೆ ಆಗ್ತಿದಾನಲ್ಲ!"

"ದಿನದ ಏರಿಕೆ ಸರಿಯಾಗಿ ಉಂಟು ಸರ್" ಎಂದೆ.

"ಇಂಥ ರಕ್ತ ಇಟ್ಕೊಂಡು ಇಷ್ಟೇ ತೂಕ ಅಂದ್ರೆ ಹೊಟ್ಟೆಗೆ ಬೀಳ್ತಿಲ್ಲ ಅಂತ ಅರ್ಥ. ಹಿಂಡಿ ಎಲ್ಲಿ ಹೋಗ್ತಿದೆ? ಅಕ್ಕಪಕ್ಕ ಆಡು ಸಾಕೋರು ಎಷ್ಟು ಜನ ಇದಾರೆ ನೋಡ್ರಿ. ವಾಸು ಮಾರ್ತಿದಾನೆ. ಬರ್ಕೊಳ್ಳಿ."

ಅವರು ಹೇಳಿದರು, ನಾನು ಬರೆದೆ. ಪುಸ್ತಕದ ಷರಾ ಕಾಲಮ್ಮಿನಲ್ಲಿ, ಇಂಗ್ಲಿಷಿನಲ್ಲಿ: ಬೆಳವಣಿಗೆ ಅತೃಪ್ತಿಕರ. ನೋಡಿಕೊಳ್ಳುವವನು ಮೇವು ಕದಿಯುತ್ತಿರುವ ಅನುಮಾನವಿದೆ. ಕೆಳಗೆ ನನ್ನ ಸಹಿ. ಅಕ್ಷರ ಅಂದು ಎಂದಿಗಿಂತ ಚೆನ್ನಾಗಿ ಬಂದಿತ್ತು. ಬರೆಯುವಾಗ ಸ್ವಲ್ಪ ಕಸಿವಿಸಿಯಾಯಿತು ಎಂದು ಈಗ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಆಗ ನಾನು ಯೋಚಿಸುತ್ತಿದ್ದದ್ದು ಆ ಕಾಲಮ್ಮು ಇಷ್ಟು ಉದ್ದದ ವಾಕ್ಯಕ್ಕೆ ಸಾಲುವುದಿಲ್ಲವಲ್ಲ ಎಂದು.

ಎರಡು ದಿನ ಬಿಟ್ಟು ವಾಸಣ್ಣನ ಫೋನು.

"ಬಾಯಮ್ಮ, ನನ್ನನ್ನು ಕ್ಯಾನ್ಸಲ್ ಮಾಡ್ತಾರಂತೆ. ಹೌದಾ?"

ಇಲ್ಲಿ ಕ್ಯಾನ್ಸಲ್ ಎಂದರೆ ವೀಸಾ ರದ್ದು ಮಾಡಿ ಊರಿಗೆ ಕಳಿಸುವುದು. ಯಾವಾಗ ಎಂದಷ್ಟೇ ಕೇಳಿದೆ.

"ಬರುವ ಬುಧವಾರ ಅರ್ಬಾಬ್ ಬರ್ತಾರಂತೆ, ಅವತ್ತೇ ಸೈನಂತೆ. ಹೋಗ್ಲಿಕ್ಕೆ ನಂಗೆ ಬೇಜಾರಿಲ್ಲ ಬಾಯಮ್ಮ. ಇಪ್ಪತ್ತೊಂದು ವರ್ಷ ಆಯ್ತು, ಸಾಕು. ಆದ್ರೆ ಹಿಂಡಿ ಕದ್ದವ ಅಂತ ಹೇಳಿ ಕಳಿಸ್ತಾರಲ್ಲ. ನಮ್ಮ ಕಡೆಯವರೇ ನಾಲ್ಕು ಜನ ಇದ್ದಾರೆ ಈ ಫಾರ್ಮಲ್ಲಿ. ನಾನು ಮನೆಗೆ ಮುಟ್ಟುವ ಮೊದಲು ಸುದ್ದಿ ಮುಟ್ತದೆ. ಗುಂಡ ತಿಂತಾನೆ ಬಾಯಮ್ಮ. ತಿಂದು ತೊಟ್ಟಿ ನೆಕ್ಕುತ್ತಾನೆ. ನಾನು ನಿಂತು ನೋಡಿದ್ದೇನೆ."

"ನೋಡುವ ವಾಸಣ್ಣ" ಎಂದೆ. ಏನು ನೋಡುವುದೆಂದು ನನಗೇ ಗೊತ್ತಿರಲಿಲ್ಲ.

ಮಾಡಲು ಬೇರೇನೂ ತೋಚದೆ ಆರೂ ತಿಂಗಳ ಫೋಟೋಗಳನ್ನು ತೆಗೆದು ಅಂಕಿ ತಪ್ಪು ಬರೆದಿದ್ದೇನೆಯೇ ಎಂದು ಒಂದೊಂದಾಗಿ ನೋಡಿದೆ. ಅಂಕಿಗಳೆಲ್ಲ ಸರಿಯಿದ್ದವು. ಕೊನೆಯ ಫೋಟೋದಲ್ಲಿ ವಾಸಣ್ಣನ ಕೈ ಸ್ವಲ್ಪ ಅಲುಗಿತ್ತು. ಅಂಕಿಯ ಪೆಟ್ಟಿಗೆಯ ಪಕ್ಕದಲ್ಲಿ, ಮೂಲೆಯಲ್ಲಿ, ಅಂಗೈಯಗಲ ಹೋರಿಯ ಮೈ ಕಾಣುತ್ತಿತ್ತು. ಬೆರಳಿನಿಂದ ದೊಡ್ಡದು ಮಾಡಿದೆ. ಅದು ಕೆಂಪಲ್ಲ. ಹೊಸದಾಗಿ ತುರಿದ ತೆಂಗಿನಕಾಯಿಗೆ ಮೆಣಸಿನ ಪುಡಿ ಕಲಸಿದ ಹಾಗೆ, ಕೆಂಪು ಕೂದಲಿನ ನಡುವೆ ಬಿಳಿ ಕೂದಲು.

ತಕ್ಷಣ ಫೋನ್ ಮಾಡಿದೆ. "ವಾಸಣ್ಣ, ಗುಂಡನ ಬಣ್ಣ ಎಂತದು?"

"ಬಣ್ಣವಾ? ಕೆಂಪು-ಬಿಳಿ ಎಲ್ಲ ಕೂಡಿ ಉಂಟು. ಹಳೇ ಕಂಬಳಿ ಹಾಗೆ."

"ಬಂದಾಗಿನಿಂದಲೂ?"

"ಮತ್ತೆಂತ, ನಾನು ಪೈಂಟ್ ಹೊಡೆದೆನಾ?" ಮತ್ತೆ, "ಯಾಕೆ ಬಾಯಮ್ಮ, ನೀವೆಂತ ಬರ್ದಿದ್ದು?" ಎಂದ.

ನಾನು ಬರೆದದ್ದು ಕಾಗದದ ಬಣ್ಣ. ಹೋರಿಯನ್ನು ನಾನು ನೋಡಿಯೇ ಇರಲಿಲ್ಲ.

ಇದರಲ್ಲಿ ಅಷ್ಟು ದೊಡ್ಡದೇನು ಎಂದು ಕೇಳಬಹುದು. ಆಫೀಸಿನ ಕಪಾಟಿನಲ್ಲಿ ದನದ ತಳಿಗಳ ಒಂದು ದಪ್ಪ ಪುಸ್ತಕವಿದೆ. ನೆಟ್ ಹೋದ ದಿನಗಳಲ್ಲಿ ನಾನು ಅದನ್ನು ಓದುತ್ತಿದ್ದೆ. ಶಾರ್ಟ್‌ಹಾರ್ನಿನಲ್ಲಿ ಮೂರೇ ಬಣ್ಣ: ಕೆಂಪು, ಬಿಳಿ, ಎರಡೂ ಕೂದಲು ಬೆರೆತದ್ದು. ಅಪ್ಪ-ಅಮ್ಮ ಇಬ್ಬರೂ ಕೆಂಪಾದರೆ ಕರು ಕೆಂಪೇ. ಬೆರೆತ ಬಣ್ಣ ಬರಬೇಕಾದರೆ ಇಬ್ಬರಲ್ಲಿ ಒಬ್ಬರ ಕಡೆಯಿಂದ ಬಿಳುಪು ಬರಲೇಬೇಕು. ನಮ್ಮ ಫ್ರೇಮಿನ ಪ್ರಕಾರ ಗುಂಡನ ಅಪ್ಪ ಕೆಂಪು, ಅಮ್ಮ ಕೆಂಪು. ಅಂದಮೇಲೆ ಗುಂಡ ಆ ಮನೆಯ ಮಗನೇ ಅಲ್ಲ. ಆ ಮನೆಯ ಮಗನಲ್ಲದಿದ್ದರೆ ಆ ಹುಟ್ಟಿದ ತಾರೀಕೂ ಅವನದ್ದಲ್ಲ. ತಾರೀಕು ಅವನದ್ದಲ್ಲದಿದ್ದರೆ ನನ್ನ ಗ್ರಾಫು ಯಾರದ್ದು?

ಫೋಟೋ ಹಿಡಿದು ಸರ್ ಬಳಿ ಹೋದೆ. ಅವರು ಕನ್ನಡಕ ಹಣೆಗೆ ಏರಿಸಿ ನೋಡಿದರು. "ಲೈಟಿಂಗ್ ಮೇಡಂ."

"ಒಮ್ಮೆ ಫಾರ್ಮಿಗೆ ಹೋಗಿ ನೋಡುತ್ತೇನೆ ಸರ್."

"ಲೇಡೀಸ್‌ಗೆ ಅಲ್ಲೇನ್ ಕೆಲ್ಸ? ವಾಸನೆ, ನೊಣ. ನಿಮ್ ಕೆಲ್ಸ ಪೇಪರ್ ನೋಡೋದು."

ಶನಿವಾರ ಫೆಲಿಕ್ಸ್‌ಗೆ ರಜೆ. ಬೆಳಿಗ್ಗೆ ಆರಕ್ಕೆ ಕಾರು ಹೊರಡಿಸಿದರು. "ಮಗಳಿಗೆ ಹುಡುಗನನ್ನು ನೋಡ್ಲಿಕ್ಕೆ ಹೋಗುವಾಗಲೂ ನೀನು ಇಷ್ಟು ಬೇಗ ಎದ್ದಿರ್ಲಿಲ್ಲ" ಎಂದರು.

"ಆ ಹುಡುಗನ ಹಲ್ಲು ನೋಡ್ಲಿಕ್ಕೆ ಇರ್ಲಿಲ್ಲ" ಎಂದೆ.

ಹನ್ನೆರಡು ವರ್ಷ ನಾನು ಯಾವುದರ ಬಗ್ಗೆ ಬರೆದಿದ್ದೆನೋ ಅದನ್ನು ಅಂದು ಮೊದಲ ಸಲ ನೋಡಿದೆ. ವಾಸಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದ. ಫೋನಿನ ಧ್ವನಿಗೆ ನಾನು ಕಲ್ಪಿಸಿಕೊಂಡದ್ದಕ್ಕಿಂತ ಸಣ್ಣ ಆಳು. ಹೋರಿಗಳ ಬಕೆಟ್ಟಿನ ಹಿಡಿಕೆಗಳಿಗೆಲ್ಲ ಹಳೆ ಬನಿಯನ್ನು ಸುತ್ತಿತ್ತು. ಕೇಳಿದ್ದಕ್ಕೆ, "ಟಣ್ ಅಂತ ಸೌಂಡ್ ಆದ್ರೆ ಗುಂಡ ಹೆದರ್ತಾನೆ, ಮತ್ತೆ ತಿನ್ನುದಿಲ್ಲ" ಎಂದ. ಹಿಂಡಿ ಕದಿಯುವವನು ಬಕೆಟ್ಟಿಗೆ ಬಟ್ಟೆ ಸುತ್ತುತ್ತಾನೆಯೇ ಎಂದು ಯೋಚಿಸಿ ನನಗೆ ತಲೆ ತಗ್ಗಿಸುವಂತಾಯಿತು.

ಗುಂಡ ಬಂದು ನನ್ನ ಬ್ಯಾಗು ಮೂಸಿದ. ಮೈತುಂಬ ಅದೇ ತೆಂಗಿನತುರಿಯ ಬಣ್ಣ. ವಾಸಣ್ಣ ಅವನ ಕೆಳತುಟಿ ಇಳಿಸಿ ಹಲ್ಲು ತೋರಿಸಿದ. ದನಕ್ಕೆ ಮುಂದಿನ ಹಲ್ಲಿರುವುದು ಕೆಳಗೆ ಮಾತ್ರ, ಎಂಟು. ಎರಡು ವರ್ಷದ ಹತ್ತಿರಕ್ಕೆ ಬರುವಾಗ ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲದ ಹಲ್ಲು ಬಂದಿರುತ್ತದೆ, ಇಲ್ಲವೇ ಅಲ್ಲಾಡುತ್ತಿರುತ್ತದೆ. ಗುಂಡನ ಎಂಟೂ ಪುಟ್ಟ ಹಾಲುಹಲ್ಲು, ಒಂದೂ ಅಲ್ಲಾಡುತ್ತಿರಲಿಲ್ಲ.

"ನಿನಗೆ ಗೊತ್ತಿತ್ತಾ ವಾಸಣ್ಣ?"

"ಎಳೆಯವ ಅಂತ ಗೊತ್ತಿತ್ತು. ದನದ ಡಾಕ್ಟ್ರಿಗೂ ಹೇಳಿದೆ. 'ಪೇಪರಲ್ಲಿ ಇರೋದೇ ಸರಿ' ಅಂದ್ರು. ಇಂಗ್ಲಿಷ್ ಪೇಪರ್ ಓದ್ಲಿಕ್ಕೆ ನಂಗೆ ಬರ್ತದಾ?"

ಕಿವಿಯ ಹಳದಿ ಟ್ಯಾಗು ನಮ್ಮ ಕಾಗದಕ್ಕೆ ಸರಿಯಾಗಿ ಹೊಂದುತ್ತಿತ್ತು. ಹೊಂದದೆ ಏನು, ಇಲ್ಲಿಗೆ ಬಂದ ಮೇಲೆ ಕಾಗದ ನೋಡಿಕೊಂಡೇ ಅದನ್ನು ಚುಚ್ಚಿದ್ದು. ಆದರೆ ಹುಟ್ಟಿದ ಊರಿನಲ್ಲಿ ಕಿವಿಯ ಒಳಗೆ ಹಚ್ಚೆ ಹಾಕಿರುತ್ತಾರೆ. ವಾಸಣ್ಣ ಸಾಬೂನು ನೀರಿನಿಂದ ಕಿವಿ ತೊಳೆದ. ಫೆಲಿಕ್ಸ್ ಕಿವಿಯ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರು. ಬೆಳಕು ಚರ್ಮ ದಾಟಿ ಬಂದಾಗ ನಂಬರು ಸ್ಪಷ್ಟವಾಗಿ ಕಂಡಿತು. ನಮ್ಮ ಕಾಗದದ ನಂಬರಲ್ಲ.

ಆ ನಂಬರು ಬರೆದು, ಈ ಸಲ ಮೂತಿಯಿಂದ ಬಾಲದ ತುದಿಯವರೆಗೆ ಫೋಟೋ ತೆಗೆದು ಏಜೆಂಟರಿಗೆ ಮೇಲ್ ಕಳಿಸಿದೆ. ಸೋಮವಾರ ಉತ್ತರ ಬಂತು. ಅಷ್ಟು ವಿನಯದ ಪತ್ರವನ್ನು ನಾನು ಕಾನ್ವೆಂಟಿನಲ್ಲೂ ಓದಿರಲಿಲ್ಲ. ಅದೇ ವಿಮಾನದಲ್ಲಿ ದುಬೈ ಕಡೆಯ ಇನ್ನೊಂದು ಫಾರ್ಮಿಗೂ ಒಂದು ಹೋರಿ ಹೋಗಿತ್ತಂತೆ, ಎರಡರ ಕಾಗದಗಳೂ "ಪ್ರಯಾಣದಲ್ಲಿ ಸ್ಥಾನ ಬದಲಿಸಿಕೊಂಡಿರುವ ಸಾಧ್ಯತೆ"ಯಂತೆ. ಕಾಗದಗಳೇ ಎದ್ದು ಸೀಟು ಬದಲಿಸಿಕೊಂಡ ಹಾಗೆ. ಗುಂಡನಿಗೆ ನಿಜವಾಗಿ ಹದಿನಾರು ತಿಂಗಳು. ಅಪ್ಪ ಕೆಂಪು, ಅಮ್ಮ ಬಿಳಿ, ಮನೆತನದಲ್ಲಿ ಚಾಂಪಿಯನ್ ಯಾರೂ ಇಲ್ಲ. ಹದಿನಾರು ತಿಂಗಳಿಗೆ ಅವನ ತೂಕ ಹಾಕಿ ನೋಡಿದೆ. ಕೆಂಪು ಮನೆಗಳೆಲ್ಲ ಒಂದೊಂದಾಗಿ ಹಸಿರಾದವು. "ಇತರ ಅಳತೆ"ಯೂ ಹಸಿರು.

ಆ ಇನ್ನೊಂದು ಫಾರ್ಮಿನ ಸಂಗತಿ ಕೇಳಿದರೆ ನಗು ಬರುತ್ತದೆ. ಅವರ ಕಾಗದದಲ್ಲಿ ಹತ್ತು ತಿಂಗಳ ಕರುವೆಂದಿದ್ದದ್ದು ಕೆಲವೇ ತಿಂಗಳಲ್ಲಿ ಗುಡ್ಡದಂತಾಯಿತಲ್ಲ, ಅಲ್ಲಿನ ಮ್ಯಾನೇಜರ್ ಅದೆಲ್ಲ ತಮ್ಮ ಮೇವಿನ ಮಹಿಮೆ ಎಂದು ತಿಳಿದು, ದುಬೈಯ ಒಂದು ಹೋಟೆಲಿನಲ್ಲಿ "ಕರು ಬೆಳೆಸುವ ನೂತನ ವಿಧಾನ" ಎಂದು ಭಾಷಣ ಮಾಡಿದ್ದರು. ಅವರಿಗೆ ಗಾಜಿನ ಫಲಕವೂ ಸಿಕ್ಕಿತ್ತು. ನಮ್ಮ ಚಂದ್ರಮೌಳಿ ಸರ್ ಮುಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಮಾಡಿಕೊಂಡು ಬಂದಿದ್ದರು.

ಮೇಲನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಮೇಡಂ, ಒಂದ್ ಕೆಲ್ಸ ಮಾಡೋಣ. ಹೋರಿ ಚೆನ್ನಾಗಿದೆ. ಪೇಪರೂ ಚೆನ್ನಾಗಿದೆ. ಎರಡೂ ನಮ್ಮತ್ರಾನೇ ಇದಾವೆ. ಸುಮ್ನೆ ಇದ್ದುಬಿಡೋಣ. ಬುಕ್ಕಲ್ಲಿ ಕೆಂಪು ಅಂತಾನೇ ಇರ್ಲಿ. ಕೂದಲು ಯಾರ್ ನೋಡ್ತಾರೆ?"

"ವಾಸಣ್ಣನ ಕಥೆ ಏನು ಸರ್?"

"ಅವನಿಗೆ ಹೆಂಗೂ ವಯಸ್ಸಾಯ್ತು."

ನಾನು ಜಗಳವಾಡುವವಳಲ್ಲ. ಸಿಸ್ಟರುಗಳು ಅದನ್ನು ಕಲಿಸಿರಲಿಲ್ಲ. ಮೆಲ್ಲಗೆ ಹೇಳಿದೆ, "ಆಗಬಹುದು ಸರ್, ಕೆಂಪು ಅಂತಲೇ ಬರೆಯುತ್ತೇನೆ. ಆದರೆ ಮುಂದಿನ ವರ್ಷ ನಮ್ಮ ಕೆಂಪು ಕಡಸುಗಳು ಗುಂಡನ ಬಣ್ಣದ್ದೇ ಕರು ಹಾಕಿದರೆ, ಆಗ ಯಾರನ್ನು ಕ್ಯಾನ್ಸಲ್ ಮಾಡುವುದು?"

ಅವರು ಪ್ರಿಂಟನ್ನು ಮತ್ತೆ ಎತ್ತಿಕೊಂಡು ಮೂರನೇ ಸಲ ಓದಿದರು. ನಾನು ನನ್ನ ಪೆನ್ನಿನ ಮುಚ್ಚಳ ಹಾಕಿದೆ.

ಬುಧವಾರ ಅರ್ಬಾಬ್ ಫಾರ್ಮಿಗೆ ಬಂದರು. ಪುಸ್ತಕ ತರಬೇಕೆಂದು ಅಪ್ಪಣೆಯಾಗಿದ್ದರಿಂದ ಈ ಸಲ ಸರ್ ತಮ್ಮ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಹೋದರು. ಅರ್ಬಾಬ್ ಹಿಂದಿ ಮಾತಾಡುತ್ತಾರೆ, ನನಗಿಂತ ಚೆನ್ನಾಗಿ. ಸರ್ ಕಾಗದಗಳ ಗೊಂದಲದ ಬಗ್ಗೆ ಇಂಗ್ಲಿಷಿನಲ್ಲಿ ತುಂಬ ಹೊತ್ತು ಹೇಳಿದರು. "ನಮ್ಮ ತಂಡದ ಪರಿಶೀಲನೆಯಲ್ಲಿ ಗೊತ್ತಾಯಿತು" ಎಂದೂ ಸೇರಿಸಿದರು. ಅರ್ಬಾಬ್ ಅದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಬೇಲಿ ದಾಟಿ ಒಳಗೆ ಹೋಗಿ ತಾವೇ ಗುಂಡನ ಬಾಯಿಗೆ ಬೆರಳು ಹಾಕಿದರು. ಒಂಟೆಯ ಬಾಯಿ ನೋಡಿ ಬೆಳೆದ ಕೈ ಅದು. ಹಲ್ಲು ಮುಟ್ಟಿ, ಬೆನ್ನು ಸವರಿ, ಹಿಂಗಾಲಿನ ಕೀಲು ಒತ್ತಿ, ಹಿಂದೆ ಹೋಗಿ ಬಗ್ಗಿ ನೋಡಿದರು.

"ಬಚ್ಚಾ" ಎಂದರು. "ಒಳ್ಳೆಯ ಬಚ್ಚಾ. ಇವನಿಗೆ ತಿನ್ನಿಸಿದವರು ಯಾರು?"

ವಾಸಣ್ಣ ಕೈಕಟ್ಟಿ ನಿಂತಿದ್ದ. "ನಾನು, ಬಾಬಾ."

ಚಂದ್ರಮೌಳಿ ಸರ್ ಕೈಯಲ್ಲಿದ್ದ ಫೈಲನ್ನು ಅರ್ಬಾಬ್ ತೆಗೆದುಕೊಂಡರು. ಒಳಗೆ ವಾಸಣ್ಣನ ಕ್ಯಾನ್ಸಲ್ ಕಾಗದವಿತ್ತು. ಓದಿ ಸರ್‌ಗೇ ಹಿಂದೆ ಕೊಟ್ಟು, "ಖಲಾಸ್. ಇದಕ್ಕೂ ಫ್ರೇಮ್ ಹಾಕಿಸು" ಎಂದರು. ಗುಂಡ ಉಳಿಯಲಿ, ಮೊದಲು ನಾಲ್ಕೇ ಕಡಸುಗಳ ಜೊತೆ ಬಿಡಿ, ಕರು ನೋಡಿ ಮುಂದಿನ ಮಾತು ಎಂದರು. ಆಮೇಲೆ ಪುಸ್ತಕ ತೆರೆದು ಆರು ಸಾಲುಗಳ ಮೇಲೆ ಬೆರಳಾಡಿಸಿದರು.

"ಲಾಲ್, ಲಾಲ್, ಲಾಲ್. ಇದನ್ನು ಬರೆದದ್ದು ಯಾರು?"

"ಎಂಟ್ರಿ ಎಲ್ಲ ಮೇಡಂ ಅವರದ್ದೇ" ಎಂದರು ಸರ್. ಆ ದಿನ ಅವರು ಆಡಿದ ಅತ್ಯಂತ ಚಿಕ್ಕ ವಾಕ್ಯ ಅದು.

"ನಾನು" ಎಂದೆ.

"ನೋಡಿದ್ದೆಯಾ?"

"ಇಲ್ಲ."

ಅರ್ಬಾಬ್ ಬೈಯಲಿಲ್ಲ. ನನ್ನ ಚಪ್ಪಲಿಯ ಕಡೆ ನೋಡಿದರು. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಎಂದು ಕೊಂಡ ತೆಳ್ಳಗಿನ ಚಪ್ಪಲಿ. "ಇನ್ನು ತಿಂಗಳಿಗೊಮ್ಮೆ ನೀನು ಇಲ್ಲಿಗೆ ಬಂದು ಬರೆ" ಎಂದು ಕಾರಿನ ಕಡೆ ನಡೆದರು. ಸರ್ ಅವರ ಹಿಂದೆ ಓಡಿದರು. ಕೆಲವು ವಾರಗಳ ನಂತರ ಆಫೀಸಿನವರಿಗೆಲ್ಲ ಸರ್ ಒಂದು ತರಬೇತಿ ಕೊಟ್ಟರು, ದಾಖಲೆಯನ್ನು ಕಣ್ಣಾರೆ ಕಂಡು ಬರೆಯುವುದರ ಮಹತ್ವದ ಬಗ್ಗೆ. ನಲವತ್ತು ಸ್ಲೈಡ್. ವಾಸಣ್ಣನ ಬಳಿ ಅವರು ಕ್ಷಮೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಅಂದು ಅವರಿಬ್ಬರೂ ಆ ಕಡೆ ಹೋದ ಮೇಲೆ ಬೇಲಿಯ ಹತ್ತಿರ ಉಳಿದದ್ದು ನಾನು, ವಾಸಣ್ಣ, ಗುಂಡ. ಪುಸ್ತಕವನ್ನು ಮೇವಿನ ತೊಟ್ಟಿಯ ಅಂಚಿನ ಮೇಲಿಟ್ಟು ತಿದ್ದತೊಡಗಿದೆ. ನಮ್ಮ ಪುಸ್ತಕದಲ್ಲಿ ಅಳಿಸುವ ಹಾಗಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಆರು ಕೆಂಪಿಗೆ ಆರು ಗೆರೆ ಎಳೆದೆ. ವಯಸ್ಸು ತಿದ್ದಿದೆ. ಷರಾ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದೆ.

"ಅದು ನನ್ನ ಬಗ್ಗೆ ಬರ್ದದ್ದಲ್ವಾ?" ಎಂದ ವಾಸಣ್ಣ. "ಓದಿ ಹೇಳಿ."

"ಈಗ ಯಾಕೆ ವಾಸಣ್ಣ? ಹೊಡೆದುಹಾಕುತ್ತೇನೆ."

"ಹೊಡೆಯುವ ಮೊದಲು ಓದಿ. ನಂಗೆ ಇಂಗ್ಲಿಷ್ ಬರುದಿಲ್ಲ."

ಓದಿದೆ. ಆಮೇಲೆ ಕನ್ನಡದಲ್ಲಿ ಹೇಳಿದೆ. ಮೇವು ಕದಿಯುತ್ತಿರುವ ಅನುಮಾನವಿದೆ. ಅವನು ಗುಂಡನ ಕೊರಳು ತುರಿಸುತ್ತ ಕೇಳಿದ.

"ಯಾರಿಗೆ ಅನುಮಾನ ಬಾಯಮ್ಮ? ಸರ್‌ಗಾ, ನಿಮಗಾ?"

"ಸರ್ ಹೇಳಿದ್ರು, ನಾನು ಬರೆದೆ."

"ಸರ್‌ದು ಸೈನ್ ಉಂಟಾ ಅದ್ರಲ್ಲಿ?"

"ಇಲ್ಲ. ನನ್ನದು."

ಅವನು ತಲೆಯಾಡಿಸಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಾಗಾದ್ರೆ ಅದಕ್ಕೆ ಗೆರೆ ಎಳೀಬೇಡಿ. ಇರ್ಲಿ ಹಾಗೆ. ಅದರ ಕೆಳಗೆ ಬರೀರಿ, ಸುಳ್ಳು ಅಂತ. ನಿಮ್ಮ ಆ ಒಳ್ಳೆ ಅಕ್ಷರದಲ್ಲೇ ಬರೀರಿ."

ಕಾಲಮ್ಮು ಸಣ್ಣದು. ಪುಟದ ಅಂಚಿಗೆ ಹೋಗಿ, ಗೆರೆ ದಾಟಿ ಬರೆದೆ: ಮೇಲಿನ ಮಾತು ಸುಳ್ಳು. ಹೋರಿಯನ್ನು ನೋಡದೆ, ಮನುಷ್ಯನನ್ನು ಕೇಳದೆ ನಾನು ಬರೆದದ್ದು. ಸಹಿ ಹಾಕಿದೆ. ಇಂಗ್ಲಿಷಿನಲ್ಲಿ ಬರೆದು ಅದರ ಕೆಳಗೆ ಕನ್ನಡದಲ್ಲೂ ಬರೆದೆ. ಅವನು ಬಗ್ಗಿ ಕನ್ನಡದ್ದನ್ನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದ. ಎರಡನೇ ಸಲವೂ ಓದಿದ.

"ಆಯ್ತು" ಎಂದ. ಬಕೆಟ್ಟು ಎತ್ತಿಕೊಂಡ. "ದಾರಿ ಬಿಡಿ ಬಾಯಮ್ಮ. ನಿಮ್ಮ ಬರವಣಿಗೆಯಲ್ಲಿ ಇವನಿಗೆ ತಿನ್ನುವ ಹೊತ್ತು ತಪ್ಪಿತು."